ಉಬ್ಬಿ ತಗ್ಗುವ ಗಾಜು

ಹಲಸೂರು, ಬೆಂಗಳೂರು
14 ಜುಲೈ 2002

ಪ್ರೀತಿಯ ತಂಗಿ ಹಂಸ,

ಯುಗಾದಿಗೆ ಬರೆಯಬೇಕಾಗಿದ್ದ ಕಾಗದವನ್ನು ಆಷಾಢದಲ್ಲಿ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದು ಮುಗಿಸಿಬಿಡು, ಆಮೇಲೆ ನೆಮ್ಮದಿಯಾಗಿ ಕೇಳು. ಶ್ವೇತ, ಓದಿ ಹೇಳುತ್ತಿರುವವಳು ನೀನೇ ಅಂತ ನನಗೆ ಗೊತ್ತು. ನಿಮ್ಮಮ್ಮ ಎರಡು ಸಾಲು ಓದುವಷ್ಟರಲ್ಲಿ ಹಣೆ ಹಿಡಿದುಕೊಂಡು ಕೂರುತ್ತಾಳೆ, ಅದು ಇಂದು ನಿನ್ನೆಯ ಕಥೆಯಲ್ಲ. ನಿನ್ನ ಮಾವನ ಅಕ್ಷರ ಕೋಳಿ ಕೆದಕಿದ ಹಾಗಿದೆ, ನಿಜ. ಆದರೂ ಒಂದು ಸಾಲನ್ನೂ ನುಂಗದೆ ಓದು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯ ಮಂಡಿ ನೋವು ಮೆಟ್ಟಿಲು ಕಂಡಾಗ ಬರುತ್ತದೆ, ಮದುವೆ ಮನೆ ಕಂಡಾಗ ಹೋಗುತ್ತದೆ. ನಿಮ್ಮತ್ತೆ ಮುನಿಗಂಗಮ್ಮನವರು ಹೇಗಿದ್ದಾರೆ? ಲಕ್ವ ಹೊಡೆದು ಎರಡು ವರ್ಷವಾಯಿತು, ಅವರನ್ನು ಬಿಟ್ಟು ಒಂದು ಗಂಟೆ ಆಚೆ ಹೋಗಲಾರೆ ಅಂತ ಬರೆಸಿದ್ದೆ. ಮುಳಬಾಗಿಲಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ನಿನ್ನ ಪಾಲಿಗೆ ಅದು ದೆಹಲಿಯಷ್ಟು ದೂರವಾಗಿಬಿಟ್ಟಿದೆ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಸೋಮಾರಿತನ ಅರ್ಧ ಕಾರಣ. ಇನ್ನರ್ಧವನ್ನು ಹೇಳುವುದಕ್ಕೇ ಈ ಕಾಗದ. ನಾನೊಂದು ಸೋಜಿಗ ನೋಡಿದ್ದೇನೆ ಹಂಸ. ನಲವತ್ತೇಳು ದಾಟಿದ ಮೇಲೆ ಹೊಸದೇನೂ ಕಣ್ಣಿಗೆ ಬೀಳುವುದಿಲ್ಲ ಅಂದುಕೊಂಡಿದ್ದವನು ನಾನು. ಈಗ ದಿನಾ ಬೆಳಿಗ್ಗೆ ಮಗುವಿನ ಹಾಗೆ ಎದ್ದು ಓಡುತ್ತಿದ್ದೇನೆ.

ಏಪ್ರಿಲ್ ತಿಂಗಳಲ್ಲಿ ಶಿವಾಜಿನಗರದ ನಮ್ಮ ಕನ್ನಡಕದ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು, ಹೆಗಲಿಗೆ ಚೀಲ, ಕೈಯಲ್ಲಿ ಹತ್ತಿ ತುಂಬಿದ ಡಬ್ಬಿ. ಹೆಸರು ಜಯಮಾಲಾ, ಗುಲ್ಬರ್ಗದ ಕಡೆಯವಳು, ಎಂಜಿನಿಯರು. ಇಂದಿರಾನಗರದಲ್ಲಿ ಒಂದು ಮನೆಯ ಮಹಡಿ ಹಿಡಿದು ಇನ್ನಿಬ್ಬರ ಜೊತೆ ಸಂಶೋಧನೆ ಮಾಡುತ್ತಾಳಂತೆ. ಹತ್ತಿಯೊಳಗಿಂದ ಮಗುವಿನ ಬಳೆಯಷ್ಟು ಅಗಲದ ಎರಡು ಗಾಜಿನ ಉಂಗುರ ತೆಗೆದು ಮೇಜಿನ ಮೇಲಿಟ್ಟಳು.

"ಇವುಗಳ ಅಂಚು ನುಣ್ಣಗ ಮಾಡ್ಕೊಡ್ತೀರೇನ್ರಿ? ಕೂದಲೆಳಿಯಷ್ಟು ಒರಟಿದ್ರೂ ಪರದಿ ಹರೀತದ. ನಾಕು ವರ್ಕ್‌ಶಾಪ್ ತಿರುಗಿ ಬಂದೀನಿ. ಮಷೀನಿಗೆ ಆಗಲ್ಲ ಅಂದ್ರು."

ಯಾವ ಪರದೆ, ಏತಕ್ಕೆ ಅಂತ ಕೇಳಿದೆ. ಎರಡು ತೆಳ್ಳನೆಯ ಪಾರದರ್ಶಕ ಪರದೆ, ಮಧ್ಯೆ ನೀರಿನಂಥ ಎಣ್ಣೆ, ಅದೇ ಕನ್ನಡಕದ ಗಾಜು ಅಂದಳು. ಗಲ್ಲಾದ ಹಿಂದೆ ಕೂತಿದ್ದ ರಹೀಂ ಸಾಹೇಬರು ನಕ್ಕುಬಿಟ್ಟರು. "ಕೇಳ್ದೇನೋ ಮುನೀಂದ್ರ? ಪಾನಿ ಕಾ ಚಶ್ಮಾ ಕತೇ, ನೀರಿನ ಕನ್ನಡಕ ಅಂತೆ. ನಾಳೆ ಗಾಳಿದು ಛತ್ರಿನೂ ಬರ್ತದೆ ನೋಡು."

ನನಗೂ ನಗು ಬಂತು. ಆದರೆ ಮಷೀನಿಗೆ ಆಗದ್ದು ಅಂದಳಲ್ಲ, ಅದು ನನ್ನನ್ನು ಹಿಡಿಯಿತು. ಮೂರು ದಿನ ಕೂತು ಅತಿ ನಯವಾದ ಎಮರಿ ಪುಡಿಯಲ್ಲಿ ಎರಡೂ ಉಂಗುರದ ಅಂಚನ್ನು ಕೈಯಿಂದಲೇ ಉಜ್ಜಿದೆ. ತಲುಪಿಸುವ ನೆಪದಲ್ಲಿ ಅವಳ ಮಹಡಿಗೆ ಹೋದೆ. ಆ ಮನೆ ಇರುವುದು ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದ ಹತ್ತಿರದಲ್ಲೇ. ಬಡಾವಣೆಗೆ ಹೊಲ ಹೋದ ಮೇಲೆ ತಾನೆ ಅಪ್ಪ ರಹೀಂ ಸಾಹೇಬರ ಅಂಗಡಿಯ ಹಿಂಕೋಣೆಗೆ ಗಾಜು ಉಜ್ಜಲು ಸೇರಿದ್ದು. ಈಗ ಅಲ್ಲಿ ಯಾವ ಬದು ಎಲ್ಲಿತ್ತು ಅಂತ ಗುರುತು ಹಿಡಿಯುವುದಕ್ಕಾಗದು.

ಜಯಮಾಲಾ ಪರದೆ ಕೂಡಿಸಿ, ಎಣ್ಣೆ ತುಂಬಿಸಿ, ಪಕ್ಕದಲ್ಲಿ ಕಡಲೆಕಾಯಿಯಷ್ಟು ಚಿಕ್ಕ ಪಂಪು ಸೇರಿಸಿ, ಒಂದು ತಿರುಪನ್ನು ಮೆಲ್ಲಗೆ ತಿರುಗಿಸಿದಳು. ಆ ಗಾಜು ಉಬ್ಬಿತು. ಹಿಂದಕ್ಕೆ ತಿರುಗಿಸಿದಳು, ತಗ್ಗಿತು, ಒಳಕ್ಕೆ ಬಾಗಿತು. ಮಲಗಿದ ಮಗುವಿನ ಹೊಟ್ಟೆಯ ಹಾಗೆ. ನಾನು ಅವಳ ಕೈಯಿಂದ ಅದನ್ನು ಇಸಿದುಕೊಂಡು ಕಿಟಕಿಯ ಕಂಬಿಯ ಎದುರು ಹಿಡಿದೆ. ನಮ್ಮ ಕಸುಬಿನಲ್ಲಿ ಗಾಜು ನೋಡುವುದೇ ಹಾಗೆ. ಗಾಜನ್ನು ಆಚೆ ಸರಿಸಿದಾಗ ಕಂಬಿ ಈಚೆ ಓಡಿದರೆ ಪ್ಲಸ್, ಜೊತೆಯಲ್ಲೇ ಬಂದರೆ ಮೈನಸ್. ಅವಳು ತಿರುಪು ತಿರುಗಿಸುತ್ತಾ ಹೋದ ಹಾಗೆ ಕಂಬಿ ಒಮ್ಮೆ ಎದುರು ಓಡಿತು, ಒಮ್ಮೆ ನಿಂತಿತು, ಒಮ್ಮೆ ಜೊತೆಗೆ ಬಂತು. ಒಂದೇ ಗಾಜು! ನಾನು ಮೂವತ್ತೊಂದು ವರ್ಷದಲ್ಲಿ ಸಾವಿರಗಟ್ಟಲೆ ಗಾಜು ಉಜ್ಜಿ ಮಾಡಿದ ನಂಬರುಗಳೆಲ್ಲ ಅದರೊಳಗೆ ಬಂದು ಹೋದವು. ನನಗೆ ಕಣ್ಣು ಒದ್ದೆಯಾಯಿತು ಅಂದರೆ ನೀನು ನಗಬಾರದು.

"ಯಾಕ್ರಿ ಅಣ್ಣಾರ, ಹಿಂಗ್ಯಾಕ ನಿಂತ್ರಿ?" ಅಂದಳು.

"ನನ್ನ ಕೆಲ್ಸ ಹೋಯ್ತಲ್ಲಮ್ಮ, ಅದಕ್ಕೆ," ಅಂದೆ. ಅವತ್ತಿನಿಂದ ವಾರಕ್ಕೆ ಮೂರು ದಿನ ಅವಳಿಗೇ ಉಂಗುರ ಉಜ್ಜಿಕೊಡುತ್ತಿದ್ದೇನೆ.

ಇನ್ನೂ ದೊಡ್ಡ ಸೋಜಿಗವಿದೆ. ಈ ಗಾಜುಗಳನ್ನು ಕಣ್ಣಿಗೆ ಕಟ್ಟುವ ಒಂದು ಪೆಟ್ಟಿಗೆಯಲ್ಲಿ ಕೂಡಿಸಿದ್ದಾರೆ. ಪೆಟ್ಟಿಗೆ ಯಾವ ಊರಲ್ಲೇ ಇರಲಿ, ಟೆಲಿಫೋನ್ ತಂತಿ ಸಿಕ್ಕಿಸಿದರೆ ಸಾಕು. ಡಾಕ್ಟರು ಇಲ್ಲಿ ಕೂತು ಅಲ್ಲಿನ ಗಾಜನ್ನು ಉಬ್ಬಿಸಬಹುದು, ತಗ್ಗಿಸಬಹುದು. ಅಥವಾ ಹಾಕಿಕೊಂಡವರೇ ತಿರುಪು ತಿರುಗಿಸಿಕೊಂಡರೆ ಅವರ ಕಣ್ಣಿನ ನಂಬರು ಇಲ್ಲಿ ಕಂಪ್ಯೂಟರಿನಲ್ಲಿ ಮೂಡುತ್ತದೆ. ಪ್ರಯೋಗಕ್ಕೆ ಮೂರು ಊರು ಆರಿಸುತ್ತಿದ್ದಾರೆ. ನಾನು ಜಯಮಾಲಾಳ ಬೆನ್ನು ಬಿದ್ದು ಮುಳಬಾಗಿಲ ಆಸ್ಪತ್ರೆಯನ್ನು ಸೇರಿಸಿದ್ದೇನೆ. ಯಾರಿಗೋಸ್ಕರ ಅಂತ ನೀನು ಕೇಳಬೇಕಾಗಿಲ್ಲ.

ನೀನು ಅದರ ಮುಂದೆ ಒಂದು ಸಲ ಕೂರಬೇಕು ಹಂಸ. ನಿನ್ನ ಕಣ್ಣನ್ನು ಡಾಕ್ಟರು ನೋಡಿದ್ದು ನಿನಗೆ ಹತ್ತು ವರ್ಷವಾಗಿದ್ದಾಗ, ಅದೇ ಕೊನೆ. ಆಮೇಲೆ ನಿನ್ನ ಕನ್ನಡಕ ಒಡೆದಾಗಲೆಲ್ಲ ಹಳೆಯದನ್ನು ಕಿಟಕಿಗೆ ಹಿಡಿದು, ಅದೇ ನಂಬರಿಗೆ ಹೊಸದನ್ನು ಉಜ್ಜಿ ಕಳಿಸುತ್ತಾ ಬಂದೆ. ಉಜ್ಜುವವರ ಮನೆಯಲ್ಲಿ ಡಾಕ್ಟರಿಗೆ ತೋರಿಸುವ ರೂಢಿಯೇ ಇಲ್ಲ. ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳಿಲ್ಲ. ನಿನ್ನ ತಲೆನೋವು ಕಣ್ಣಿನದೇ ಅಂತ ನನ್ನ ಮನಸ್ಸು ಹೇಳುತ್ತಿದೆ. ಬರುತ್ತೇನೆ ಅಂತ ಒಂದು ಮಾತು ಬರೆಸು.

ನಿನ್ನ ಅಣ್ಣ,
ಮುನೀಂದ್ರ

ಹಲಸೂರು
8 ಸೆಪ್ಟೆಂಬರ್ 2002

ಹಂಸ,

ನಾಳೆ ಗೌರಿ ಹಬ್ಬ. ತವರಿನ ಬಾಗಿನ ಮೊನ್ನೆಯೇ ಕಳಿಸಿದ್ದೇನೆ, ಈ ಹೊತ್ತಿಗೆ ತಲುಪಿರಬೇಕು. ಹಸಿರು ಬಳೆ ನಿನ್ನ ಅತ್ತಿಗೆ ರಸೆಲ್ ಮಾರ್ಕೆಟ್ ಹತ್ತಿರ ಗಂಟೆಗಟ್ಟಲೆ ನಿಂತು ಆರಿಸಿದ್ದು. ಮಂಡಿ ನೋಯಲಿಲ್ಲ.

ನಿನ್ನ ಕಾರ್ಡು ಓದಿ ನನಗೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಅದನ್ನು ಎರಡು ದಿನ ಮೇಜಿನ ಮೇಲೆ ಬೋರಲು ಹಾಕಿಟ್ಟಿದ್ದೆ. "ಅಣ್ಣ ಮಾಡಿಕೊಟ್ಟ ಕನ್ನಡಕ ಚೆನ್ನಾಗಿಯೇ ಇದೆ. ಅಣ್ಣನ ಮೊದಲ ಕನ್ನಡಕ ಹಾಕಿದವಳು ನಾನು, ಈಗ ಮಿಷನ್ನಿಗೆ ಯಾಕೆ ಕಣ್ಣು ಕೊಡಲಿ. ನನ್ನಂಥ ದಡ್ಡಿಗೆ ಅದೆಲ್ಲ ತಿರುಗಿಸೋಕೆ ಬರಲ್ಲ." ಶ್ವೇತ, ನೀನು ಬರೆದುಕೊಟ್ಟೆ, ನಿನ್ನ ಮೇಲೆ ಕೋಪವಿಲ್ಲ. ಆದರೆ ಚೆನ್ನಾಗಿಯೇ ಇದ್ದರೆ ನಿಮ್ಮಮ್ಮ ಅಕ್ಕಿ ಆರಿಸುವಾಗ ಕನ್ನಡಕ ತೆಗೆದಿಡುವುದೇಕೆ? ಸೂಜಿಗೆ ದಾರ ಪೋಣಿಸುವಾಗ ತೆಗೆದಿಡುವುದೇಕೆ? ನೆಂಟರು ಬಂದಾಗ ಮಾತ್ರ ಸೆರಗಿನಿಂದ ಒರೆಸಿ ಹಾಕಿಕೊಳ್ಳುತ್ತಾಳೆ. ನಾನು ಬಂದಾಗಲೆಲ್ಲ ನೋಡಿದ್ದೇನೆ.

ಈ ಚೆನ್ನಾಗಿದೆ ಅನ್ನುವ ಮಾತಿನ ಕಥೆ ಒಂದು ಹೇಳುತ್ತೇನೆ, ಕೇಳು.

ಆಗಸ್ಟ್‌ನಲ್ಲಿ ಜಯಮಾಲಾ ಮೊದಲ ಪ್ರಯೋಗಕ್ಕೆ ಹತ್ತು ಜನರನ್ನು ಕರೆಸಿದ್ದಳು. ಅವಳ ಮನೆಯ ಎದುರಿನ ನಿವೇಶನದಲ್ಲಿ ಐದು ಮಹಡಿಯ ಕಟ್ಟಡ ಏಳುತ್ತಿದೆ. ಅಲ್ಲಿ ಜಲ್ಲಿ ಹೊರುವ ಸಾಬಮ್ಮ ಅನ್ನುವ ಯಾದಗಿರಿ ಕಡೆಯ ಹೆಂಗಸು ಮೊದಲನೆಯವಳು. ಕಣ್ಣಿಗೆ ಪೆಟ್ಟಿಗೆ ಕಟ್ಟಿದ ಕೂಡಲೇ, "ಹೆಂಗ ಕಾಣ್ತದವ್ವ?" ಅಂತ ಜಯಮಾಲಾ ಕೇಳಿದಳು. "ಭಾಳ ಚಲೋ ಕಾಣ್ತದರಿ," ಅಂದಳು ಸಾಬಮ್ಮ. ಪಂಪಿಗೆ ಇನ್ನೂ ಕರೆಂಟೇ ಕೊಟ್ಟಿರಲಿಲ್ಲ. ಕಣ್ಣ ಮುಂದೆ ಇದ್ದದ್ದು ಚಪ್ಪಟೆ ಎಣ್ಣೆ, ಬರೀ ಕಿಟಕಿ ಗಾಜಿನಂತೆ.

ಜಯಮಾಲಾ ನಗಲಿಲ್ಲ. ನನ್ನನ್ನು ಆಚೆ ಕರೆದು ಹೇಳಿದಳು. "ನೋಡಿದ್ರೇನ್ರಿ? ಇವ್ರಿಗೆ ಕಾಣ್ಲಿಕ್ಕತ್ತಿಲ್ಲ. ನಾ ಮಾಡಿದ್ದು ಅಂತ, ನನಗ ಬ್ಯಾಸರ ಆಗಬಾರದು ಅಂತ ಚಲೋ ಅದ ಅಂದ್ರು. ನಮ್ಮ ಮಂದಿ ಎಲ್ಲಾರೂ ಹಿಂಗ. ಡಾಕ್ಟರು ಎದುರಿಗೆ ಕುಂತು ಕೇಳಿದ್ರ ಕಣ್ಣು ಹೇಳೂದಿಲ್ಲ, ಮರ್ಯಾದಿ ಹೇಳ್ತದ. ಅದಕ್ಕ ತಿರುಪು ಅವ್ರ ಕೈಯಾಗ ಇರಬೇಕು, ಕೋಣ್ಯಾಗ ಯಾರೂ ಇರಬಾರದು."

ಆ ಮಾತು ನನ್ನ ಎದೆಗೆ ಬಂದು ಬಿತ್ತು. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಿದವನು ಹಾಗೇ ಮುಚ್ಚಿಟ್ಟೆ.

ಸಾಬಮ್ಮನನ್ನು ಕಿಟಕಿಯ ಮುಂದೆ ಕೂರಿಸಿ, ತಿರುಪು ಕೈಗೆ ಕೊಟ್ಟು, ನಾವೆಲ್ಲ ಆಚೆ ಬಂದು ಬಾಗಿಲು ಎಳೆದುಕೊಂಡೆವು. ಕಂಪ್ಯೂಟರಿನಲ್ಲಿ ನಂಬರು ನಡೆಯತೊಡಗಿತು. ಮುಂದೆ ಹೋಯಿತು, ಹಿಂದೆ ಬಂತು, ಅನುಮಾನಿಸಿತು, ಮತ್ತೆ ಹೋಯಿತು. ಬಾಯಿ ತೆರೆಯದ ಒಬ್ಬ ಹೆಂಗಸು ಒಳಗೆ ತನ್ನಷ್ಟಕ್ಕೆ ತಾನು ನಿಜ ಹುಡುಕುತ್ತಿದ್ದಾಳೆ, ಅದು ಇಲ್ಲಿ ಅಂಕಿಯಾಗಿ ಕಾಣುತ್ತಿದೆ! ಕೊನೆಗೆ ಒಂದು ಕಡೆ ನಿಂತಿತು. ಆಮೇಲೆ ಒಳಗಿಂದ ದನಿ ಬಂತು. "ಅಕ್ಕಾರ, ಆ ನಾಕನೇ ಅಂತಸ್ತಿನಾಗ ಕುಂತಾವ ನನ್ನ ಗಂಡ ಮುತ್ತಣ್ಣ. ಬೀಡಿ ಸೇದ್ಲಿಕ್ಕತ್ತಾನ. ಬಿಟ್ಟೀನಿ ಅಂತ ಆಣಿ ಮಾಡಿದ್ದ."

ಪಾಪ, ಅವನ ಗತಿ ಆಮೇಲೆ ಏನಾಯಿತೋ.

ಇನ್ನು ರಹೀಂ ಸಾಹೇಬರ ಸುದ್ದಿ. ಅವರ ಎದೆಯಲ್ಲಿ ಚರ್ಮದ ಕೆಳಗೆ ಬಡಿತ ಸರಿಮಾಡುವ ಯಂತ್ರ ಇಟ್ಟಿದ್ದಾರೆ, ಗೊತ್ತಲ್ಲ. ಕಳೆದ ವಾರ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಸೋಪಿನ ಡಬ್ಬಿಯಂಥದ್ದೊಂದನ್ನು ಅವರ ಅಂಗಿಯ ಮೇಲೆಯೇ ಇಟ್ಟು, ಪಕ್ಕದ ಯಂತ್ರದಲ್ಲಿ ಏನೋ ಒತ್ತಿದರು. ಒಳಗಿನ ಯಂತ್ರ ಮಾತು ಕೇಳಿತು. ಬಡಿತ ಐವತ್ತರಿಂದ ಅರವತ್ತೈದಕ್ಕೆ ಏರಿದ್ದನ್ನು ನಾನು ಪರದೆಯ ಮೇಲೆ ನೋಡಿದೆ. ಕತ್ತರಿಯಿಲ್ಲ, ರಕ್ತವಿಲ್ಲ. ಬರುವಾಗ ಆಟೋದಲ್ಲಿ ರಹೀಂ ಸಾಹೇಬರು ಅಂಗಿಯ ಮೇಲಿಂದಲೇ ಎದೆ ಮುಟ್ಟಿ ನೋಡಿಕೊಂಡರು. ಆಮೇಲೆ, "ಮುನೀಂದ್ರ, ಒಳಗೆ ಕೂತಿದ್ದನ್ನ ಹೊರಗಿಂದ ತಿದ್ದಬಹುದು ಅಂತ ನಂಗೆ ಗೊತ್ತಿರ್ಲಿಲ್ಲಪ್ಪ," ಅಂದರು. ನಾನು ಕಮರ್ಷಿಯಲ್ ಸ್ಟ್ರೀಟಿನ ಜನಜಂಗುಳಿ ನೋಡುತ್ತಾ ಕೂತೆ.

ಪೆಟ್ಟಿಗೆ ನಿಮ್ಮೂರಿಗೆ ಅಕ್ಟೋಬರ್ ಏಳರಂದು ಬರುತ್ತದೆ, ಎರಡು ವಾರ ಇರುತ್ತದೆ. ಆಸ್ಪತ್ರೆ ನಿನ್ನ ಮನೆಯಿಂದ ಕೂಗಳತೆ. ನಿಮ್ಮತ್ತೆಯ ಹತ್ತಿರ ಶ್ವೇತ ಒಂದು ಗಂಟೆ ಕೂರಲಿ. ಡಾಕ್ಟರು ಕೇಳುವುದಿಲ್ಲ, ನಾನು ಕೇಳುವುದಿಲ್ಲ, ಯಾರಿಗೂ ಚೆನ್ನಾಗಿದೆ ಅನ್ನಬೇಕಾಗಿಲ್ಲ. ನನ್ನ ಮೇಲಿನ ಮರ್ಯಾದೆಯನ್ನು ಅವತ್ತೊಂದು ದಿನ ಮನೆಯಲ್ಲಿ ಬಿಟ್ಟು ಹೋಗು. ಇದು ಅಣ್ಣನ ಅಪ್ಪಣೆ ಅಂದುಕೋ, ಬೇಡಿಕೆ ಅಂದುಕೋ, ನಿನ್ನಿಷ್ಟ. ನೀನು ಹೋಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮುನೀಂದ್ರ

ಹಲಸೂರು
20 ಅಕ್ಟೋಬರ್ 2002

ನನ್ನ ಹಂಸಳಿಗೆ ಅನೇಕ ಆಶೀರ್ವಾದ.

ಶ್ವೇತ, ಈ ಕಾಗದ ನೀನು ಓದಬೇಡಮ್ಮ. ಅಮ್ಮನ ಕೈಗೆ ಕೊಟ್ಟುಬಿಡು. ಹಂಸ, ಜೊತೆಗೆ ಕಳಿಸಿರುವ ಡಬ್ಬಿಯಲ್ಲಿ ಹೊಸ ಕನ್ನಡಕವಿದೆ. ಒಂದೆರಡು ದಿನ ನೆಲ ಓರೆಯಾದಂತೆ ಕಾಣಬಹುದು ಅಂತ ಡಾಕ್ಟರು ಹೇಳಿದ್ದಾರೆ, ಹೆದರಬೇಡ. ಕಣ್ಣಿಗೆ ರೂಢಿಯಾದ ಮೇಲೆ ಈ ಕಾಗದ ತೆಗೆದು ನೀನೇ ಓದು. ದೊಡ್ಡ ಅಕ್ಷರದಲ್ಲಿ ಸಾಲು ಬಿಟ್ಟು ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು. ಆಯುಧಪೂಜೆಯಲ್ಲಿ ಗಾಜು ಉಜ್ಜುವ ಚಕ್ರಕ್ಕೆ ಕುಂಕುಮವಿಟ್ಟ ಮೇಲೆ ಉಜ್ಜಿದ ಮೊದಲ ಗಾಜು ನಿನ್ನದೇ.

ಹತ್ತನೇ ತಾರೀಖು ಗುರುವಾರ ಹನ್ನೊಂದು ಗಂಟೆಗೆ ನಾನು ಇಂದಿರಾನಗರದ ಮಹಡಿಯಲ್ಲಿ ಜಯಮಾಲಾಳ ಪಕ್ಕ ಕೂತಿದ್ದೆ. ಟೆಲಿಫೋನ್ ತಂತಿ ಕೂಡಿಕೊಳ್ಳುವ ಮೊದಲು ಕಂಪ್ಯೂಟರಿನ ಪಕ್ಕದ ಯಂತ್ರ ಕೀರಲು ದನಿಯಲ್ಲಿ ಒದರುತ್ತದೆ. ಆಮೇಲೆ ಸುಮ್ಮನಾಯಿತು. "ನಿಮ್ಮ ತಂಗಿ ಕುಂತ್ರಂತ್ರಿ. ನರ್ಸ್ ಹೊರಗ ಬಂದಾಳ," ಅಂದಳು ಜಯಮಾಲಾ. ಕಂಪ್ಯೂಟರಿನ ಪರದೆಯ ಮೇಲೆ ಎರಡು ಸೊನ್ನೆ ಇದ್ದವು, ಬಲಗಣ್ಣಿಗೊಂದು, ಎಡಗಣ್ಣಿಗೊಂದು. ಬಹಳ ಹೊತ್ತು ಸೊನ್ನೆಯೇ ಇತ್ತು. ನೀನು ತಿರುಪನ್ನು ಕೈಯಲ್ಲಿ ಹಿಡಿದುಕೊಂಡು, ಕೆಟ್ಟುಹೋದರೆ ಅಂತ ಹೆದರಿ ಕೂತಿದ್ದೀಯ ಅಂತ ನನಗೆ ಇಲ್ಲಿಂದಲೇ ಕಾಣುತ್ತಿತ್ತು.

ಆಮೇಲೆ ಬಲಗಣ್ಣಿನ ಸೊನ್ನೆ ಕದಲಿತು. ಅರ್ಧ, ಮುಕ್ಕಾಲು, ಒಂದು. ಎರಡೂವರೆಯವರೆಗೆ ಹೋಗಿ ತಿರುಗಿ ಬಂತು. ಮೈನಸ್ ಒಂದೂಮುಕ್ಕಾಲಿಗೆ ನಿಂತಿತು. ಎಡಗಣ್ಣಿನದು ಮಾತ್ರ ಇಳಿಯುತ್ತಲೇ ಹೋಯಿತು. ಮೂರು, ನಾಲ್ಕು, ನಾಲ್ಕೂವರೆ. ಐದಕ್ಕೆ ನಿಂತಿತು. ನಿಯಮದಂತೆ ಮೂರು ಸಲ ಮಾಡಿಸಿದರು. ಮೂರು ಸಲವೂ ನೀನು ಅಲ್ಲಿಗೇ ಬಂದು ನಿಂತೆ. ಮುಳಬಾಗಿಲಿನಲ್ಲಿ ನಿನ್ನ ಬೆರಳು ತಿರುಗುತ್ತಿತ್ತು, ಇಲ್ಲಿ ನನ್ನ ಕಣ್ಣ ಮುಂದೆ ಅಂಕಿ ನಡೆಯುತ್ತಿತ್ತು. ಹಂಸ, ನಾನು ದೇವಸ್ಥಾನದಲ್ಲೂ ಹಾಗೆ ಕೈ ಮುಗಿದಿಲ್ಲ. ಆ ಪರದೆಗೆ ಮುಗಿದೆ. ಜಯಮಾಲಾ ನೋಡಿಯೂ ನೋಡದ ಹಾಗೆ ಇದ್ದಳು.

ಆಮೇಲೆ ಫೋನಿನಲ್ಲಿ ನಿನ್ನ ದನಿ. "ಅಣ್ಣ, ಇದ್ದೀಯಾ? ಇಲ್ಲಿ ಗೋಡೆ ಮೇಲೆ ಏನೋ ಬರ್ದು ಅಂಟಿಸವ್ರೆ. ಓದ್ಲಾ?"

ಓದು ಅಂದೆ. ನೀನು ಓದಿದೆ. ಹೊರರೋಗಿಗಳ ಚೀಟಿ ಕೊಡುವ ವೇಳೆ, ರೋಗಿಯ ಜೊತೆ ಒಬ್ಬರೇ ಇರಬೇಕು ಅನ್ನುವ ಸೂಚನೆ, ಉಗುಳಬಾರದು ಅನ್ನುವುದು, ಬಾಣಂತಿಯರಿಗೆ ಹೇಳಿದ್ದು. ಎಲ್ಲೂ ತಡವರಿಸಲಿಲ್ಲ. ಕೆಳಗೆ ಸಣ್ಣದಾಗಿ ಹಾಕಿದ್ದ ಅಚ್ಚುಕೂಟದ ಹೆಸರನ್ನೂ ಬಿಡಲಿಲ್ಲ. ಓದಿ ಮುಗಿಸಿದೆ. "ಅಣ್ಣ, ತಲೆ ನೋಯ್ತಾ ಇಲ್ಲ," ಅಂದೆ. ಹಿಂದೆಯೇ, "ಮಿಷನ್ ಕೆಟ್ಟೋಗಿಲ್ಲ ತಾನೆ?" ಅಂದೆ.

ಕೆಟ್ಟಿಲ್ಲ ಕಣೇ. ನನ್ನ ಜನ್ಮದಲ್ಲಿ ಅಷ್ಟು ಸರಿಯಾದ ಯಂತ್ರವನ್ನು ನಾನು ನೋಡಿಲ್ಲ.

ಫೋನಿಟ್ಟ ಮೇಲೆ ಜಯಮಾಲಾ ಕಾಗದದ ಮೇಲೆ ಬರೆದುಕೊಳ್ಳುತ್ತಾ ಕೇಳಿದಳು. "ಎಡಗಣ್ಣಿಂದು ಭಾರಿ ಅದ, ಬಲಗಣ್ಣಿಂದು ಹಗುರ. ಈಗ ಹಾಕ್ಕೊಂಡಿರೂ ಕನ್ನಡಕದ ನಂಬರ್ ಎಷ್ಟರಿ ಅಣ್ಣಾರ? ಹೋಲಿಸಿ ನೋಡ್ಬೇಕು." ಮನೆಯಲ್ಲಿ ಬರೆದಿಟ್ಟಿದ್ದೇನೆ, ನೋಡಿ ಹೇಳುತ್ತೇನೆ ಅಂದೆ. ಈವತ್ತಿನವರೆಗೂ ಹೇಳಿಲ್ಲ.

ಅವಳು ಈಗ ಬಹಳ ಖುಷಿಯಲ್ಲಿದ್ದಾಳೆ. ಮೂರು ಊರಿನಿಂದ ಇನ್ನೂರು ಜನ ಕೂತು ಹೋದರಂತೆ. ಮುಂದೆ ಪೆಟ್ಟಿಗೆಯೇ ಬೇಡ, ಆ ಗಾಜನ್ನೇ ಕನ್ನಡಕವಾಗಿ ಹಾಕಿಕೊಂಡು ವಯಸ್ಸಾದ ಹಾಗೆಲ್ಲ ತಾವೇ ತಿರುಗಿಸಿಕೊಳ್ಳಬಹುದು ಅನ್ನುತ್ತಾಳೆ. ಆಗ ನನ್ನಂಥವನು ಯಾತಕ್ಕೆ ಅಂದರೆ, ಉಂಗುರ ಉಜ್ಜಲಿಕ್ಕೆ ಅನ್ನುತ್ತಾಳೆ. ನನಗೆ ಅಷ್ಟು ಸಾಕು.

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ನಿಮ್ಮತ್ತೆಗೆ ನಾನು ವಿಚಾರಿಸಿದೆ ಅಂತ ಹೇಳು. ಶ್ವೇತಳ ಪರೀಕ್ಷೆ ಹತ್ತಿರ ಬಂತು, ಅವಳು ಚೆನ್ನಾಗಿ ಓದಲಿ. ನಿನಗೆ ಎಲ್ಲವೂ ನಿಚ್ಚಳವಾಗಿ ಕಾಣಲಿ, ನೂರು ವರ್ಷ ಕಾಣಲಿ.

ನಿನ್ನ ಅಣ್ಣ,
ಮುನೀಂದ್ರ

ಸಹಿ ಹಾಕಿದ ಮೇಲೆ:

ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಹರಿದು ತೆಗೆದೆ. ಹೇಳದೆ ಕಳಿಸಿದರೆ ಇನ್ನು ಯಾವತ್ತೂ ಹೇಳಲಾರೆ.

ರಹೀಂ ಸಾಹೇಬರ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಕೆಲಸ ಕಲಿಯುವವನ ಮೊದಲ ಜೋಡಿ ಗಾಜು ಅವನ ಮನೆಯವರಿಗೇ ಆಗಬೇಕು. ಅದನ್ನು ಒಡೆಯರು ಪರೀಕ್ಷೆ ಮಾಡುವುದಿಲ್ಲ. ಮನೆಯವರು ಹಾಕಿಕೊಂಡು ಚೆನ್ನಾಗಿದೆ ಅಂದರೆ ಅದೇ ಪಾಸು. ಸರಿಯಿಲ್ಲ ಅಂತ ವಾಪಸು ಬಂದರೆ ಇನ್ನೊಂದು ವರ್ಷ ಎಮರಿ ತೊಳೆಯುತ್ತಾ ಕೂರಬೇಕು. ನನಗೆ ಹದಿನಾರು, ನಿನಗೆ ಹತ್ತು. ಡಾಕ್ಟರು ಕೊಟ್ಟ ನಿನ್ನ ಚೀಟಿಯಲ್ಲಿ ಅಕ್ಕಪಕ್ಕ ಎರಡು ನಂಬರು ಇದ್ದವು. ಎಡಗಡೆ ಬರೆದದ್ದನ್ನು ಎಡಗಣ್ಣಿಗೆ, ಬಲಗಡೆಯದನ್ನು ಬಲಗಣ್ಣಿಗೆ ಉಜ್ಜಿ ಕೂಡಿಸಿದೆ. ನೀನು ಹಾಕಿಕೊಂಡು ಕಣ್ಣು ಕಿರಿದು ಮಾಡಿದೆ, ನನ್ನ ಮುಖ ನೋಡಿದೆ, "ಚೆನ್ನಾಗಿ ಕಾಣ್ಸುತ್ತೆ ಅಣ್ಣ" ಅಂದೆ. ಅಪ್ಪ ಬೀದಿಯವರಿಗೆಲ್ಲ ಕಡ್ಲೆಪುರಿ ಹಂಚಿದರು.

ತಿಂಗಳಾದ ಮೇಲೆ ಬೇರೊಂದು ಚೀಟಿ ಕೈಗೆ ಬಂದಾಗ ರಹೀಂ ಸಾಹೇಬರು ಹೇಳಿಕೊಟ್ಟರು. ಡಾಕ್ಟರು ಎದುರು ಕೂತು ನೋಡುತ್ತಾರೆ, ಅದಕ್ಕೆ ಚೀಟಿಯ ಎಡಗಡೆ ಇರುವುದು ಯಾವಾಗಲೂ ಬಲಗಣ್ಣಿನದು. ನಿನ್ನ ಹಗುರ ಕಣ್ಣಿಗೆ ಭಾರದ ಗಾಜು, ಭಾರದ ಕಣ್ಣಿಗೆ ಹಗುರದ ಗಾಜು. ನಿನ್ನದು ದುಂಡು ಫ್ರೇಮು. ಎರಡು ಗಾಜನ್ನು ತೆಗೆದು ಅದಲುಬದಲು ಮಾಡಲು ಐದು ನಿಮಿಷ ಬೇಕಾಗಿರಲಿಲ್ಲ. ಮಾಡಿದರೆ ಅಪ್ಪನಿಗೆ ತಿಳಿಯುತ್ತದೆ, ಮತ್ತೆ ಎಮರಿ ತೊಳೆಯಬೇಕಾಗುತ್ತದೆ ಅಂತ ಸುಮ್ಮನಾದೆ. ಅವಳೇ ಚೆನ್ನಾಗಿದೆ ಅಂದಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ನೀನು ಪುಸ್ತಕ ಹಿಡಿದರೆ ತಲೆನೋವು ಅಂದೆ. ಓದು ತಲೆಗೆ ಹತ್ತಲ್ಲ ಅಂತ ಅಪ್ಪ ಏಳನೇ ಕ್ಲಾಸಿಗೆ ಬಿಡಿಸಿದರು. ನರ್ಸ್ ಆಗುತ್ತೇನೆ ಅಂತ ಬಿಳಿ ಟವಲು ತಲೆಗೆ ಕಟ್ಟಿಕೊಂಡು ಓಡಾಡುತ್ತಿದ್ದವಳು ನೀನು. ಬಿಡಿಸಿದ ದಿನ ನೀನು ಅತ್ತಾಗ ನಿನ್ನನ್ನು ದಡ್ಡಿ ಅಂತ ಕರೆದವನು ನಾನು. ಎಲ್ಲರಿಗಿಂತ ಮೊದಲು ಕರೆದವನು. ಎಲ್ಲ ಗೊತ್ತಿದ್ದೂ ಕರೆದೆ. ಆಮೇಲೆ ಒಡೆದಾಗಲೆಲ್ಲ ಅದೇ ತಪ್ಪನ್ನು ಕಿಟಕಿಗೆ ಹಿಡಿದು ಅಳೆದು, ಹೊಸದಾಗಿ ಉಜ್ಜಿ ಕಳಿಸಿದೆ. ತಿದ್ದಿದರೆ ಯಾಕೆ ತಿದ್ದಿದೆ ಅಂತ ನೀನು ಕೇಳುತ್ತೀಯಲ್ಲ, ಅದಕ್ಕೆ ಹೆದರಿ. ಮೂವತ್ತೊಂದು ವರ್ಷ.

ನೀನು ದಡ್ಡಿಯಲ್ಲ ಹಂಸ. ಒಂದು ದಿನವೂ ಆಗಿರಲಿಲ್ಲ. ಇದನ್ನು ನನ್ನ ಬಾಯಿಮಾತು ಅಂತ ನಂಬಬೇಡ. ಇಷ್ಟುದ್ದದ ಕಾಗದವನ್ನು ಇಲ್ಲಿಯವರೆಗೆ ನೀನೇ, ಹಣೆ ಹಿಡಿದುಕೊಳ್ಳದೆ ಓದಿದ್ದೀಯ.